ಬಾಗಿದ ಜಾಗದ ಬಟ್ಟೆ

"ಬಟ್ಟೆ ಕಟ್ಟಿತ್ತಲ್ಲವ್ವ, ಯಾರೋ ಸರಿ ಮಾಡವ್ರೆ ಅನ್ಕಂಡು ಮುಂದುಕ್ಕೆ ಹೋದೆ," ಎಂದು ಚೆನ್ನ ಒಡೆದ ಪೈಪಿನ ತುಂಡನ್ನು ಜಗಲಿಯ ಮೇಲಿಟ್ಟು ತಲೆ ಕೆರೆದುಕೊಂಡ.

ಗುಡ್ಡದ ಒರತೆಯಿಂದ ತೃಶ್ಶಿಲೇರಿ ಊರಿನ ಈ ಮನೆಗೆ ನೀರು ತರುವ ಕರಿ ಪೈಪಿನ ಮೇಲೆ ಕೈಯಾಡಿಸುತ್ತ ವಾರಕ್ಕೊಮ್ಮೆ ನಡೆದು ಬರುವುದು, ಕೆಟ್ಟಲ್ಲಿ ರಿಪೇರಿ ಮಾಡುವುದು ಅವನ ಕೆಲಸ. ಬಂಡೆಯ ಬಳಿ ಪೈಪು ಬಾಗಿ ನಲುಗಿದ್ದನ್ನು ಮೊದಲು ಕಂಡವಳು ಮನೆಯ ಯಜಮಾನಿ ಚಾಮುಂಡಮ್ಮ. ಅವನಿಗೆ ಗುರುತು ಸಿಗಲಿ ಎಂದು ಹಳೇ ಸೀರೆಯ ಹಸಿರು ತುಂಡನ್ನು ಅಲ್ಲಿ ಬಿಗಿಯಾಗಿ ಸುತ್ತಿ ಬಂದಿದ್ದಳು. ಅವಳ ಗುರುತು ಅವನ ಕಣ್ಣಿಗೆ ರಿಪೇರಿಯಾಗಿ ಕಂಡಿತು. ಇವತ್ತು ಬೆಳಿಗ್ಗೆ ಪೈಪು ಅಲ್ಲೇ ಒಡೆದು, ನಲ್ಲಿ ಬರಿದೇ ಬುಸುಗುಟ್ಟಿತು.

"ನೀನೂ ಜಾಣ, ನಾನೂ ಜಾಣೆ," ಎಂದು ಚಾಮುಂಡಮ್ಮ ಬೈದಳು. ಬೈಯುವಷ್ಟು ಶಕ್ತಿ ಬಂದದ್ದೇ ಅವಳಿಗೆ ಖುಷಿ. ಗರ್ಭಕಂಠದ ಕ್ಯಾನ್ಸರಿಗೆ ಐದು ವಾರ ಐದು ಡ್ರಿಪ್ಪು ಹಾಕಿಸಿಕೊಂಡು ಸೋತಿದ್ದಳು. ಆರನೆಯದು, ಕೊನೆಯದು, ನಾಳೆ. ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು. ಕೋಳಿಕ್ಕೋಡಿನ ಲ್ಯಾಬಿನಲ್ಲಿ ಇದೇ ಔಷಧಿಯ ಮೇಲೆ ಸಂಶೋಧನೆ ಮಾಡುವ ತಂಗಿಯ ಮಗಳು ಚಂದನಾ, ದೊಡ್ಡಮ್ಮನನ್ನು ಒಪ್ಪಿಸಲೆಂದೇ ರಜೆ ಹಾಕಿ ಬಂದಿದ್ದಳು.

"ಗಾಯ ಆದ್ರೆ ಮೈಯೇ ಸರಿ ಮಾಡ್ಕತ್ತದೆ ಅಂತ ನೀನೇ ಹೇಳ್ದೆ ಮೋಳೆ, ನನ್ ಮಗ್ಳೆ. ಔಷಧಿ ಮಾಡಿದ ಗಾಯನ ರೋಗನೂ ಹಂಗೇ ಸರಿ ಮಾಡ್ಕಂಡ್ರೆ? ಸುಮ್ನೆ ವಾಂತಿ ಮಾಡೋಕೆ ಆಶುಪತ್ರಿಗೆ ಯಾಕೆ ಹೋಗ್ಲಿ?"

ರಾತ್ರಿಯೆಲ್ಲ ಹೇಳಿ ಸೋತಿದ್ದ ಚಂದನಾ, ಬಟ್ಟೆ ಸುತ್ತಿದ್ದ ಆ ಪೈಪಿನ ತುಂಡನ್ನು ಎತ್ತಿಕೊಂಡಳು.

"ಔಷಧೀಲಿ ಪ್ಲಾಟಿನಂ ಅದೆ ದೊಡ್ಡವ್ವ. ಜೀವಕೋಶದ ಒಳಗೆ ಡಿಎನ್ಎ ಅಂತ ಒಂದು ದಾರ, ಅದನ್ನ ಹಿಂಗೇ ಬಗ್ಗಿಸ್ತದೆ. ಅಲ್ಲೇ ಇರೋ ಒಂದು ಪ್ರೋಟೀನು ಬಾಗಿದ್ದನ್ನ ಗುರುತು ಹಿಡ್ದು ಮೇಲೇ ಕೂತ್ಕತ್ತದೆ, ನಿನ್ನ ಬಟ್ಟೆ ಥರ. ರಿಪೇರಿ ಮಾಡೋವಕ್ಕೆ ಆ ಜಾಗ ಸಿಗಕ್ಕಿಲ್ಲ. ರೋಗದ ಕೋಶ ಸಾಯ್ತದೆ."

"ಎಲ್ಲಾ ಕಡೆನೂವ?"

"ಇಲ್ಲ. ಕೆಲವು ಕಡೆ ರಿಪೇರಿ ಆಗೋಗ್ತದೆ. ಅದಕ್ಕೇ ಆರನೇದು."

ಚಾಮುಂಡಮ್ಮ ಪೈಪನ್ನು ನೋಡಿದಳು, ಚೆನ್ನನನ್ನು ನೋಡಿದಳು. ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಂದ್ರೆ ನನ್ನೊಳಗೂ ಒಬ್ಬ ಚೆನ್ನ ಅವ್ನೆ."

ಚೆನ್ನನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ. ಮಧ್ಯಾಹ್ನ ಅವನು ಹೊಸ ತುಂಡು ಜೋಡಿಸಿದ ಮೇಲೆ ನಲ್ಲಿಯಲ್ಲಿ ನೀರು ಬಂತು. ಮೊದಲ ಕೊಡದ ನೀರಿನಲ್ಲಿ ಚಾಮುಂಡಮ್ಮ ಹಸಿರು ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಚಂದನಾ, ದೊಡ್ಡಮ್ಮ ತಾನೇ ತುಂಬಿಟ್ಟಿದ್ದ ಆಸ್ಪತ್ರೆಯ ಚೀಲ ತೆರೆದಳು. ಫೈಲಿನ ಮೇಲೆ ಆ ಹಸಿರು ಬಟ್ಟೆ ನಾಲ್ಕು ಮಡಿಕೆಯಾಗಿ ಕೂತಿತ್ತು.