ಶುಕ್ರವಾರದ ನೀರು

ಸ್ಪೇನಿನ ಮೂಲೆಯ ನಮ್ಮ ಗಲಿಸಿಯದ ಜನಕ್ಕೆ ನೇರವಾಗಿ ಉತ್ತರ ಕೊಟ್ಟರೆ ನಾಲಿಗೆ ಸವೆದುಹೋಗುತ್ತದೆ ಎಂಬ ಭಯ. "ಆರಾಮಾ?" ಅಂದರೆ "ಯಾಕೆ, ಯಾರಾದ್ರೂ ಏನಾದ್ರೂ ಅಂದ್ರಾ?" ಎನ್ನುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮದು ಎತ್ತಿದ ಕೈ. ಹಾಗಿರುವಾಗ ಬ್ರೈಸ್ ಎಂಬ ಹುಡುಗ ನನ್ನ ಅಂಗಡಿಗೆ ಬಂದು, "ಗಿರಣಿ ವಾರಸುದಾರರೆಲ್ಲ ಒಪ್ಪಿದ್ದಾರಾ?" ಎಂದು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

ನನ್ನ ಹೆಸರು ಡೆಲ್ಫಿನಾ. ಫೊಂತೆಲಾ ಊರಿನಲ್ಲಿ ವೈನು, ಕಾಫಿ, ಸೋಪು, ಮೊಳೆ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಮಾರುತ್ತೇನೆ. ಊರ ಹೆಂಗಸರ ಸಂಘದ ಪರವಾಗಿ ಕಣಿವೆ ಕೂಟದಲ್ಲಿ ಕೂರುವವಳೂ ನಾನೇ. ಈ ಕೂಟ ಎಂದರೆ ಸುತ್ತಲಿನ ಊರುಗಳ ಮೇಯರುಗಳು, ಹಾಲಿನ ಸಹಕಾರ ಸಂಘದವರು, ಬೇಟೆಗಾರರು, ವಾದ್ಯದವರು, ನಾವು. ದುಡ್ಡು ಯೂರೋಪಿನ ಯಾವುದೋ ದೊಡ್ಡ ಕಟ್ಟಡದಿಂದ ಬರುತ್ತದೆ, ಅದನ್ನು ಎಲ್ಲಿಗೆ ಹಾಕಬೇಕೆಂದು ಮಾತ್ರ ನಾವೇ ಕೂತು ಕಿತ್ತಾಡಿ ತೀರ್ಮಾನಿಸಬೇಕು. ಬ್ರೈಸ್ ಕೂಟದ ಸಂಬಳದ ನೌಕರ. ಒಳ್ಳೆಯ ಹುಡುಗ, ಆದರೆ ಬಿಳಿ ಬೂಟು ಹಾಕಿಕೊಂಡು ಹಳ್ಳಿ ಸುತ್ತುತ್ತಾನೆ.

ಈ ಸಲ ಕೂಟ ಒಮ್ಮತದಿಂದ ಆರಿಸಿದ್ದು ನಮ್ಮ ಹಳ್ಳದ ನೀರುಗಿರಣಿಯನ್ನು. ಆರಿಸಲು ಕಾರಣ ಇರಿಯಾ. ಅವಳು ವಿಗೋ ನಗರದ ಬ್ರೆಡ್ ಕಾರ್ಖಾನೆಯ ಕೆಲಸ ಬಿಟ್ಟು ಬಂದು, ಅಜ್ಜಿಯ ಮನೆಯ ಹಳೇ ಒಲೆಗೆ ಬೆಂಕಿ ಹಾಕಿದವಳು. ಆದರೆ ಕಾರ್ಖಾನೆಯ ಹಿಟ್ಟಿನಲ್ಲಿ ಮಾಡಿದ ಬ್ರೆಡ್ಡನ್ನು ಕಾರ್ಖಾನೆಯೇ ಅಗ್ಗಕ್ಕೆ ಕೊಡುವಾಗ ಇವಳ ಹತ್ತಿರ ಯಾರು ಕೊಳ್ಳುತ್ತಾರೆ? ನಮ್ಮ ಮಣ್ಣಿನ ರೈ ಧಾನ್ಯ, ಅದನ್ನು ನಮ್ಮ ಕಲ್ಲಿನಲ್ಲಿ ಬೀಸಿದ ಹಿಟ್ಟು ಬೇಕು. ಗಿರಣಿ ಆಗದಿದ್ದರೆ ಕ್ರಿಸ್‌ಮಸ್ ಹೊತ್ತಿಗೆ ವಾಪಸು ವಿಗೋಗೆ ಹೋಗುತ್ತೇನೆ ಎಂದು ಅವಳು ನನ್ನ ಮುಂದೆ ಹೇಳಿಬಿಟ್ಟಿದ್ದಳು. ಅವಳು ಹೋದರೆ ಊರಿನಲ್ಲಿ ಅತಿ ಚಿಕ್ಕ ಹುಡುಗಿ ನಾನೇ, ಅರವತ್ತೆರಡು ವರ್ಷದವಳು! ತಮಾಷೆಗೆ ಹೇಳುತ್ತಿಲ್ಲ, ನನಗೆ ಆ ಹುಡುಗಿಯನ್ನು ಕಂಡರೆ ಜೀವ.

ಗಿರಣಿ ಯಾರೊಬ್ಬರದೂ ಅಲ್ಲ. ಹಿಂದಿನವರು ಸೇರಿ ಕಟ್ಟಿದ್ದು. ಒಂದೊಂದು ಮನೆಗೆ ವಾರದಲ್ಲಿ ಒಂದೊಂದು ದಿನ ಬೀಸುವ ಸರದಿ. ಸೋಮವಾರದ ನೀರು ಒಬ್ಬರದು, ಮಂಗಳವಾರದ್ದು ಇರಿಯಾಳ ಅಜ್ಜಿ ಮನೆಯದು, ಹೀಗೆ. ಹೊಲ ಮಾರಿದವರುಂಟು, ಸರದಿ ಮಾರಿದವರಿಲ್ಲ. ಬೀಸುವುದು ನಿಂತು ಎಷ್ಟೋ ವರ್ಷವಾಗಿ, ಕಲ್ಲಿನ ಮೇಲೆ ಜರೀಗಿಡ ಬೆಳೆದಿದ್ದರೂ ಯಾರನ್ನು ಕೇಳಿದರೂ ತಮ್ಮ ವಾರ ಹೇಳುತ್ತಾರೆ. ಬ್ವೇನಸ್ ಐರಿಸ್‌ಗೆ ಹೋದವರು ಒಪ್ಪಿದರು, ಸ್ವಿಟ್ಜರ್‌ಲೆಂಡಿಗೆ ಹೋದವರು ಒಪ್ಪಿದರು. ಒಪ್ಪದೆ ಉಳಿದವಳು ಗಿರಣಿಯ ಪಕ್ಕದ ಮನೆಯ ಒಬ್ದುಲಿಯಜ್ಜಿ. ಅವಳದು ಶುಕ್ರವಾರ.

ಬ್ರೈಸ್ ಅವಳ ಮನೆಗೆ ಹೋದ. ನಾನೂ ಜೊತೆಗಿದ್ದೆ.

"ಅಜ್ಜೀ, ಗಿರಣಿ ರಿಪೇರಿಗೆ ನೀವು ಒಪ್ತೀರಾ?"

"ಒಪ್ಪಿದ್ರೆ ಏನಾಗುತ್ತೆ?"

"ಮತ್ತೆ ಬೀಸಬಹುದು."

"ಬೀಸದೆ ಇದ್ರೆ ಯಾರು ಸಾಯ್ತಾರೆ?"

"ಅಂದ್ರೆ... ಆಗಲ್ಲ ಅಂತೀರಾ?"

"ನಾನೆಲ್ಲಿ ಹಂಗಂದೆ? ಆ ಬೂಟು ಒರೆಸ್ಕೊಂಡು ಒಳಗೆ ಬಾ ಮಗಾ, ಸೂಪು ಕುಡಿ."

ಬ್ರೈಸ್ ಎರಡು ಬಟ್ಟಲು ಸೂಪು ಕುಡಿದು, ಬರಿಗೈಯಲ್ಲಿ ಹೊರಬಂದ. ಅಕ್ಟೋಬರ್ ಮುಗಿಯುವುದರೊಳಗೆ ಅಜ್ಜಿ ಒಪ್ಪದಿದ್ದರೆ ದುಡ್ಡು ಬೇರೆ ಊರಿನ ಪಾಲು ಎಂದ.

ಕಾರಣ ಏನೆಂದು ನನಗೆ ಗೊತ್ತು ಎಂದುಕೊಂಡೆ. ನನಗೇನು, ಇಡೀ ಊರಿಗೇ ಗೊತ್ತು. ಒಂದು ಬರಗಾಲದ ವರ್ಷ ಸೆಲೆಸ್ತೀನೊ ಎಂಬಾತ, ಆಗಿನ್ನೂ ಚಿಗುರುಮೀಸೆಯ ಹುಡುಗ, ಶುಕ್ರವಾರದ ನೀರನ್ನು ಕದ್ದು ತನ್ನ ಜೋಳ ಬೀಸಿಕೊಂಡಿದ್ದ. ಆವತ್ತಿನಿಂದ ಒಬ್ದುಲಿಯಜ್ಜಿ ಚರ್ಚಿನಲ್ಲಿ ಅವನ ಬೆಂಚಿನ ಕಡೆಗೆ ತಿರುಗಿಯೂ ನೋಡಿರಲಿಲ್ಲ. ಇದು ಆ ಹಳೇ ಸಿಟ್ಟೇ ಎಂದು ನಾವು ಕೂಟದಲ್ಲಿ ಕೂತು ತೀರ್ಮಾನಿಸಿದೆವು. ಸೆಲೆಸ್ತೀನೊನನ್ನು ಹಿಡಿದು ಎಲ್ಲರೂ ಸೇರಿ ಪುಸಲಾಯಿಸಿದೆವು. ಪಾಪ, ಎಂಬತ್ತರ ಮುದುಕ, ಹೆಗಲ ಮೇಲೆ ಒಣಗಿಸಿದ ಇಡೀ ಹಂದಿತೊಡೆ ಹೊತ್ತುಕೊಂಡು ಅಜ್ಜಿಯ ಅಂಗಳಕ್ಕೆ ಹೋಗಿ ಟೋಪಿ ತೆಗೆದು ನಿಂತ.

"ಒಬ್ದುಲಿಯಾ, ತಪ್ಪಾಯ್ತು."

"ಯಾವ್ದು? ಒಂದಾ ಎರಡಾ?"

"ನೀರು."

"ಹ್ಞೂಂ." ಅಜ್ಜಿ ತೊಡೆಯನ್ನು ಬೆರಳಿನಿಂದ ಒತ್ತಿ ನೋಡಿದಳು. "ಚೆನ್ನಾಗಿ ಒಣಗಿದೆ. ಬಿಡು, ಆಗಿದ್ದು ಆಗ್ಹೋಯ್ತು."

ನಿಜವಾಗಿಯೂ ಕ್ಷಮಿಸಿದಳು! ಮುಂದಿನ ಭಾನುವಾರ ಚರ್ಚಿನಲ್ಲಿ ಅವನ ಬೆಂಚಿನಲ್ಲೇ ಕೂತಳು. ಗಿರಣಿಗೆ ಮಾತ್ರ ಒಪ್ಪಲಿಲ್ಲ. ತೊಡೆ ಹೋಯಿತು, ಒಪ್ಪಿಗೆ ಬರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂದು ಸೆಲೆಸ್ತೀನೊ ನನ್ನ ಅಂಗಡಿಯಲ್ಲಿ ಕೂತು ದಿನವೂ ಗೊಣಗಿದ.

ಅಕ್ಟೋಬರ್ ಕೈಜಾರುತ್ತಿತ್ತು. ಇರಿಯಾ ವಿಗೋದಲ್ಲಿ ಬಾಡಿಗೆ ಕೋಣೆ ವಿಚಾರಿಸುತ್ತಿದ್ದಾಳೆಂದು ಗೊತ್ತಾದ ದಿನ ನನ್ನ ತಲೆ ಕೆಟ್ಟಿತು. ಅಂಗಡಿಗೆ ಬೀಗ ಹಾಕಿ ಸೀದಾ ಒಬ್ದುಲಿಯಜ್ಜಿಯ ಅಡುಗೆಮನೆಗೆ ನುಗ್ಗಿದೆ.

"ನಿಮಗೇನು ಕೇಡು ಬಂದಿದೆ ಅಜ್ಜೀ? ಆ ಹುಡುಗಿ ಗಂಟುಮೂಟೆ ಕಟ್ತಾ ಇದ್ದಾಳೆ. ಗಿರಣಿ ನಿಮ್ಮನ್ನೇನು ಕಚ್ಚುತ್ತಾ? ತಿರುಗಿದ್ರೆ ನಿಮ್ಮ ಶುಕ್ರವಾರ ನಿಮಗೇ ಬರುತ್ತೆ, ಹೋಗಿ ಬೀಸ್ಕೊಳ್ಳಿ!"

ಅಜ್ಜಿ ಆಲೂಗಡ್ಡೆ ಹೆರೆಯುತ್ತಿದ್ದವಳು ಚಾಕು ಕೆಳಗಿಟ್ಟಳು.

"ಏನು ಬೀಸ್ಲಿ?"

ನನಗೆ ಅರ್ಥವಾಗಲಿಲ್ಲ.

"ಏನು ಬೀಸ್ಲಿ ಅಂತ ಕೇಳ್ದೆ ಡೆಲ್ಫಿನಾ. ನನ್ನ ಹೊಲದಲ್ಲಿ ಮುಳ್ಳು ಬಿಟ್ರೆ ಏನಿದೆ? ಈಗ ಗಿರಣಿ ಮುರಿದುಬಿದ್ದಿದೆ, ಅದಕ್ಕೇ ಒಬ್ದುಲಿಯಾ ಬೀಸ್ತಾ ಇಲ್ಲ ಅಂತ ಎಲ್ರೂ ಅಂದ್ಕೊಂಡಿದ್ದಾರೆ. ತಿರುಗೋಕೆ ಶುರುವಾದ್ರೆ? ಪ್ರತಿ ಶುಕ್ರವಾರ ನೀರು ಸುಮ್ನೆ ಹರಿದು ಹೋಗುತ್ತೆ. ಊರಿಗೆ ಊರೇ ನೋಡುತ್ತೆ, ಅವಳ ಮನೇಲಿ ಒಂದು ಹಿಡಿ ಕಾಳಿಲ್ಲ ಅಂತ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇಳಿದ ಮೇಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಅಷ್ಟೇನಾ? ನಾನೇ ಒಂದು ಚೀಲ ರೈ ತಂದು ಕೊಡ್ತೀನಿ ಅಜ್ಜೀ."

"ಎದ್ದೇಳು."

"ಅಲ್ಲ, ನಾನು ಹೇಳಿದ್ದು—"

"ಎದ್ದೇಳು ಅಂದೆ. ಭಿಕ್ಷೆ ಚೀಲ ಹೊತ್ಕೊಂಡು ಗಿರಣಿಗೆ ಹೋದವರು ನಮ್ಮ ಮನೇಲಿ ಯಾರೂ ಇಲ್ಲ."

ಬಾಗಿಲು ನನ್ನ ಮೂಗಿನ ಮುಂದೆಯೇ ಮುಚ್ಚಿಕೊಂಡಿತು. ನಡೆದದ್ದನ್ನೆಲ್ಲ ಇರಿಯಾಗೆ ಹೇಳಿದೆ, ಬ್ರೈಸ್ ಕೂಡ ಅಲ್ಲೇ ಇದ್ದ. ಅಜ್ಜಿಯ ಹೊಲಕ್ಕೂ ಏನಾದರೂ ಸಹಾಯಧನ ಸಿಗುತ್ತದೇನೋ ನೋಡುತ್ತೇನೆ ಎಂದು ಅವನು ಶುರುಮಾಡಿದ. "ನೀನು ಸುಮ್ನಿರಪ್ಪಾ" ಎಂದಳು ಇರಿಯಾ. ಏಪ್ರನ್ನು ಬಿಚ್ಚದೆ, ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಹೊರಟಳು. ನಾನು ಹಿಂದೆ ಹೋಗಿ ಬೇಲಿಯ ಪಕ್ಕ ನಿಂತೆ. ಕದ್ದು ಕೇಳಿದೆ ಎಂದರೆ ಕೇಳಿದೆ, ಅದಕ್ಕೇನೀಗ?

ಇರಿಯಾ ಗಿರಣಿಯ ಸುದ್ದಿಯನ್ನೇ ಎತ್ತಲಿಲ್ಲ.

"ಅಜ್ಜೀ, ಚರ್ಚಿನ ಪಕ್ಕದ ನಿಮ್ಮ ಹೊಲ ಹಾಳು ಬಿದ್ದಿದೆ. ನನಗೆ ಕೋರಿಗೆ ಕೊಡ್ತೀರಾ? ಬಂದ ಬೆಳೇಲಿ ಅರ್ಧ ನಿಮಗೆ, ಅರ್ಧ ನನಗೆ."

ಒಳಗೆ ಕುರ್ಚಿ ಎಳೆದ ಸದ್ದು.

"ಬೀಜ ಯಾರದು?" ಅಜ್ಜಿಯ ದನಿ.

"ಅರ್ಧರ್ಧ."

"ಹೊಲ ನಂದು, ಬೀಜಾನೂ ನಂದಾ? ಚೆನ್ನಾಗಿದೆ ನಿನ್ನ ಲೆಕ್ಕ! ಬೀಜ ನಿಂದು. ಮುಳ್ಳು ಕಡಿಯೋದು ನಿಂದು. ಗೊಬ್ಬರ?"

"ಗೊಬ್ಬರ ನಿಮ್ಮದು ಅಜ್ಜೀ. ಹಸು ನಿಮ್ಮ ಹತ್ರ ತಾನೇ ಇರೋದು?"

"ನಿಮ್ಮಜ್ಜೀನೂ ಹಿಂಗೇ ಜಿಪುಣಿ."

"ನೀವೇನು ಕಮ್ಮಿನಾ?"

ಕತ್ತಲಾಗುವವರೆಗೂ ಚೌಕಾಸಿ ನಡೆಯಿತು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡಷ್ಟೂ ನನಗೆ ಖುಷಿ. ಮಾರನೆಯ ದಿನ ಒಬ್ದುಲಿಯಜ್ಜಿ ತಾನೇ ಅಂಗಡಿಗೆ ಬಂದು ಬ್ರೈಸ್‌ಗೆ ಫೋನು ಮಾಡಿಸಿದಳು. "ಬಾ, ಎಲ್ಲಿ ಬೇಕೋ ಅಲ್ಲಿ ಸಹಿ ಹಾಕ್ತೀನಿ. ಬೂಟು ಬದಲಾಯಿಸ್ಕೊಂಡು ಬಾ" ಎಂದಳು.

ಅಲ್ಲಿಂದ ಒಂದು ವರ್ಷ ಊರಿನಲ್ಲಿ ಎರಡು ಕೆಲಸ ನಡೆದವು. ಹಳ್ಳದಲ್ಲಿ ಬಡಗಿಗಳು ಗಿರಣಿಯ ಚಕ್ರ ಕೂರಿಸಿದರು, ಸೆಲೆಸ್ತೀನೊ ಎಲ್ಲದಕ್ಕೂ ತಪ್ಪು ಹುಡುಕಿದ. ಚರ್ಚಿನ ಪಕ್ಕದ ಹೊಲದ ಅಂಚಿನಲ್ಲಿ ಒಬ್ದುಲಿಯಜ್ಜಿ ಕುರ್ಚಿ ಹಾಕಿಕೊಂಡು ಕೂತು ಇರಿಯಾಳನ್ನು ಗದರಿದಳು. ಬಿತ್ತಿದ್ದು ದಟ್ಟವಾಯಿತು, ಕೊಯ್ದಿದ್ದು ತಡವಾಯಿತು, ಕುಡುಗೋಲು ಹಿಡಿಯುವ ರೀತಿಯಾ ಇದು! ರೈ ಮಾತ್ರ ಆಳೆತ್ತರ ಬೆಳೆಯಿತು. ಅಜ್ಜಿ ತನ್ನ ಪಾಲನ್ನು ಕಲ್ಲುಕಂಬದ ಮೇಲಿನ ಕಣಜದಲ್ಲಿ ತುಂಬಿ, ಹೋಗಿ ಬರುವವರಿಗೆ ಕಾಣಲಿ ಎಂದು ಅದರ ಬಾಗಿಲು ತೆರೆದೇ ಇಟ್ಟಳು.

ಬ್ರೈಸ್‌ಗೆ ಆಗಸ್ಟಿನಲ್ಲೇ ಉದ್ಘಾಟನೆ ಮಾಡಿಸುವ ಆಸೆ, ರಜಕ್ಕೆ ಬಂದ ಜನ ಇರುತ್ತಾರಲ್ಲ. ಆಗಸ್ಟಿನಲ್ಲಿ ಹಳ್ಳದಲ್ಲಿ ಕಪ್ಪೆಗೇ ನೀರಿರುವುದಿಲ್ಲ ಎಂದು ತಿಳಿಹೇಳಿದ ಮೇಲೆ ಅಕ್ಟೋಬರಿಗೆ ಹಾಕಿದ. ಮೇಯರಿಗೆ ಪುರುಸೊತ್ತಿದ್ದದ್ದು ಶುಕ್ರವಾರ.

ಆ ದಿನ ವಾದ್ಯದವರು, ಪಾದ್ರಿ, ಕೂಟದವರು, ಟೈ ಕಟ್ಟಿದ ಮೇಯರು ಎಲ್ಲರೂ ಗಿರಣಿಯ ಮುಂದೆ ಸೇರಿದ್ದೆವು. ಮೇಯರು ತೂಬಿನ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಒಬ್ದುಲಿಯಜ್ಜಿ ತಲೆಯ ಮೇಲೆ ಚೀಲ ಹೊತ್ತುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಬಂದಳು.

"ಕೈ ತೆಗೀರಿ ಸ್ವಾಮಿ. ಇವತ್ತಿನ ನೀರು ನಂದು."

ಮೇಯರು ಕೈ ತೆಗೆದರು. ಅಜ್ಜಿಯೇ ತೂಬು ಎತ್ತಿದಳು. ಕಲ್ಲು ಒಮ್ಮೆ ನರಳಿ, ಆಮೇಲೆ ತಿರುಗಿತು. ಭಾಷಣ ಮಾಡಲು ಬಂದವರೆಲ್ಲ ಅವಳ ಚೀಲ ಮುಗಿಯುವವರೆಗೆ ಕೈಕಟ್ಟಿ ನಿಂತರು. ಕಾಲು ನೋವಿನ ಅವಳಿಗೆ ಕುರ್ಚಿ ಕೊಡಲು ಹೋದ ಬ್ರೈಸ್ ಬೈಸಿಕೊಂಡ. ಹಿಟ್ಟು ಬಿದ್ದಂತೆ ಅವಳು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. ಅವಳ ಹುಬ್ಬು, ಕರಿ ಶಾಲು ಎಲ್ಲ ಬೆಳ್ಳಗಾಯಿತು.

ಚೀಲ ಮುಗಿಯಿತು. ಇನ್ನೂ ಅರ್ಧ ದಿನ ಬಾಕಿ, ನೀರು ಭರದಿಂದ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ನಮ್ಮವರು ಮಾಡುವುದು ಒಂದೇ, ತೂಬು ಇಳಿಸಿ ನೀರನ್ನು ಹಳ್ಳಕ್ಕೆ ಬಿಡುವುದು. ಉಳಿದ ನೀರು ಹಳ್ಳಕ್ಕೆ ಹೋದರೂ ಸರಿ, ನೆರೆಮನೆಗೆ ಹೋಗಬಾರದು. ನನ್ನ ಅಮ್ಮ ಹಾಗೆಯೇ ಮಾಡುತ್ತಿದ್ದಳು, ಅವಳ ಅಮ್ಮನೂ.

ಅಜ್ಜಿ ಹಗ್ಗ ಹಿಡಿದಳು. ಇಳಿಸಲಿಲ್ಲ. ತಿರುಗಿ ಜನರ ಹಿಂದೆ ನಿಂತಿದ್ದ ಇರಿಯಾಳನ್ನು ಹುಡುಕಿದಳು.

"ಏನೇ ಬಾಯಿ ಬಿಟ್ಕೊಂಡು ನೋಡ್ತಾ ಇದ್ದೀಯ? ನಿನ್ನ ಚೀಲ ಎಲ್ಲಿ?"

"ನನ್ನ ಸರದಿ ಮಂಗಳವಾರ ಅಜ್ಜೀ."

"ಮಂಗಳವಾರ ನಿಮ್ಮಜ್ಜಿ ಬಿಟ್ಟು ಹೋಗಿದ್ದು. ಶುಕ್ರವಾರ ನಾನು ಬಿಟ್ಟು ಹೋಗೋದು. ನನಗೆ ಮಕ್ಕಳಿಲ್ಲ ಅಂತ ಈ ನೀರು ಹಳ್ಳಕ್ಕೆ ಹೋಗ್ಬೇಕಾ? ಓಡು, ಚೀಲ ತಗೊಂಬಾ."

ಸೆಲೆಸ್ತೀನೊ ಟೋಪಿ ತೆಗೆದ. ಇರಿಯಾ ಮನೆಯ ಕಡೆಗೆ ಓಡಿದಳು, ಅಳುತ್ತಾ ಓಡಿದಳು, ನಾನೂ ಅತ್ತೆ. ಅವಳು ಬರುವವರೆಗೆ ಒಬ್ದುಲಿಯಜ್ಜಿ ಎರಡೂ ಕೈಯಲ್ಲಿ ಹಗ್ಗ ಹಿಡಿದು, ತೂಬು ಇಳಿಯದಂತೆ ನೋಡಿಕೊಂಡಳು.