ಎರಡು ಅಳತೆ ಎಣ್ಣೆ

ಸೋಮವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು, ಉಳಿದ ದಿನ ಚನ್ನಗಿರಿಯ ಶೆಡ್ಡು. ಹದಿನೈದು ವರ್ಷಗಳಿಂದ ಮೆಕ್ಯಾನಿಕ್ ಮರುಳಪ್ಪನ ವಾರ ಇದೇ. ಬೇರೆ ಮೆಕ್ಯಾನಿಕ್‌ಗಳ ಹತ್ತಿರ ಗಾಡಿಗಳು ಹೋಗುತ್ತವೆ, ಮರುಳಪ್ಪ ಗಾಡಿಗಳಿದ್ದಲ್ಲಿಗೆ ತಾನೇ ಹೋಗುತ್ತಿದ್ದ. ಅದೂ ಎಲ್ಲಾ ಗಾಡಿಗಳಿಗಲ್ಲ, ಜಾವಾ ಮೋಟಾರುಸೈಕಲ್ಲಿಗೆ ಮಾತ್ರ. ತನ್ನ ಗಾಡಿಯ ಸೀಟಿನ ಹಿಂದೆ ಕಟ್ಟಿದ ಕ್ಯಾನ್ವಾಸ್ ಚೀಲದಲ್ಲಿ ನಟ್ಟು ಬಿಚ್ಚುವ ಪಾನಾಗಳು, ಎರಡು ಪ್ಲಗ್ಗು, ಒಂದು ಕ್ಲಚ್ ಕೇಬಲ್ಲು, ಒಂದು ಡಬ್ಬ ಎಣ್ಣೆ. ಡಬ್ಬಕ್ಕೆ ದಾರ ಕಟ್ಟಿ ತೂಗುಬಿಟ್ಟ ಹಿತ್ತಾಳೆಯ ಪುಟ್ಟ ಲೋಟ.

ಆ ಲೋಟವೇ ಮರುಳಪ್ಪನ ಅಳತೆ. ಜಾವಾದ ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲ್ ಟ್ಯಾಂಕಿಗೇ ಹಾಕಿ ಬೆರೆಸಬೇಕು. ಮರೆತರೆ ಪಿಸ್ಟನ್ ಹಿಡಿದುಕೊಂಡು ಗಾಡಿ ನಡುರಸ್ತೆಯಲ್ಲಿ ಕಲ್ಲಾಗಿ ನಿಲ್ಲುತ್ತದೆ. ಹಾಗಾಗಿ ಮರುಳಪ್ಪ ಯಾರ ಗಾಡಿ ಮುಟ್ಟಿದರೂ ಕೊನೆಗೊಂದು ಶಾಸ್ತ್ರವಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಎರಡು ಅಳತೆ ಎಣ್ಣೆ ಸುರಿಯುವುದು, ಹ್ಯಾಂಡಲ್ ಹಿಡಿದು ಮೊಣಕಾಲಿಗೆ ಗಾಡಿ ಒರಗಿಸಿ ಆ ಕಡೆ ಈ ಕಡೆ ಮೂರು ಸಲ ಕುಲುಕುವುದು, ಸೀಟಿನ ಮೇಲೊಂದು ಏಟು ಕೊಟ್ಟು "ಹೋಗ್ರಿ" ಅನ್ನುವುದು. ಏಟು ಬೀಳುವ ತನಕ ಯಾರೂ ಗಾಡಿ ಹತ್ತುತ್ತಿರಲಿಲ್ಲ.

ಎಪ್ಪತ್ತೊಂದರಲ್ಲಿ ಜಗಳೂರಿಗೆ ಮೊದಲ ಜಾವಾ ತಂದವರು ಶೇಂಗಾ ಮಂಡಿಯ ಸಾಹುಕಾರ ಕೊಟ್ರಬಸಪ್ಪ. ಒಂದೇ ಲಿವರು ನೋಡಿ, ಅದರಲ್ಲೇ ಕಿಕ್, ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರು! ಅದನ್ನು ನೋಡಲಿಕ್ಕೇ ಬಿಳಿಚೋಡಿನಿಂದ ಜನ ಬಂದಿದ್ದರಂತೆ. ಸಾಹುಕಾರರು ತಂದರು ಅಂತ ಇನ್ನೊಬ್ಬರು ತಂದರು, ಅವರನ್ನು ನೋಡಿ ಮತ್ತೊಬ್ಬರು. ನಾಲ್ಕು ವರ್ಷದಲ್ಲಿ ಹದಿನಾಲ್ಕು ಗಾಡಿ. ನಡುವೆ ಕಂಪನಿ ಹೆಸರು ಬದಲಾಯಿಸಿ ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಬರೆದು ಕಳಿಸತೊಡಗಿದಾಗ ಹೋಟೆಲಿನ ಗೋಣೆಪ್ಪ ಗಾಬರಿಯಾಗಿದ್ದ. ದುಡ್ಡು ಕಟ್ಟಿದ್ದು ಜಾವಾಕ್ಕೆ, ಬಂದದ್ದು ಇನ್ಯಾವುದೋ.

"ಮೋಸ ಆತಲ್ಲೋ ಮರುಳಪ್ಪ!"

"ನಿಮ್ಮ ಹೆಂಡ್ರಿಗೆ ತವರಲ್ಲಿ ಏನಂತ ಕರೀತಿದ್ರು?"

"ಗಿರಿಜಿ ಅಂತ."

"ಮದ್ವೇಲಿ?"

"ಪಾರ್ವತಮ್ಮ ಅಂತ ಇಟ್ವಿ."

"ಹೆಂಗಸು ಬದಲಾತಾ?"

ಗೋಣೆಪ್ಪ ಸಮಾಧಾನದಿಂದ ಗಾಡಿ ಹತ್ತಿದ್ದ. ಹೆಸರು ಬದಲಾದರೂ ಊರಿನ ಬಾಯಲ್ಲಿ ಅದು ಜಾವಾ ಆಗಿಯೇ ಉಳಿಯಿತು. ಆಮೇಲೆ ಅದೇ ಕಂಪನಿಯ ರೋಡ್‌ಕಿಂಗ್ ಬಂತು. ಒಳಗೆ ಒಂದಷ್ಟು ಬೇರೆ, ಸದ್ದು ಮಾತ್ರ ಅದೇ. ಮರುಳಪ್ಪ ಅದನ್ನೂ ಕಲಿತ.

ಎಂಬತ್ತಾರರಲ್ಲಿ ಬಂದದ್ದು ಕಲಿಯುವಂಥದ್ದಲ್ಲ. ದಾವಣಗೆರೆಯ ಶೋರೂಮುಗಳಲ್ಲಿ ಜಪಾನಿನವರ ಜೊತೆ ಸೇರಿ ಮಾಡಿದ ನೂರು ಸಿಸಿ ಗಾಡಿಗಳು ಸಾಲಾಗಿ ನಿಂತವು. ತೆಳ್ಳಗೆ, ಹಗುರ. ಅದರಲ್ಲೂ ಫೋರ್ ಸ್ಟ್ರೋಕ್ ಗಾಡಿಯ ಜಾಹೀರಾತು ನೋಡಿದರೆ ಲೀಟರಿಗೆ ಎಂಬತ್ತು ಕಿಲೋಮೀಟರ್. ಯೆಜ್ಡಿಯನ್ನು ಬೇಡಿಕೊಂಡರೆ ಮೂವತ್ತು ಕೊಡುತ್ತಿತ್ತು. ಜಗಳೂರಿನ ಹದಿನಾಲ್ಕು ಹತ್ತಾಯಿತು, ಏಳಾಯಿತು, ಈಗ ನಾಲ್ಕು. ಸಾಹುಕಾರರದ್ದು, ಗೋಣೆಪ್ಪನದ್ದು, ಮೇಷ್ಟರದ್ದು, ದನದ ಆಸ್ಪತ್ರೆಯ ಕಂಪೌಂಡರದ್ದು. ಆ ನಾಲ್ಕಕ್ಕಾಗಿ ಮರುಳಪ್ಪ ಚನ್ನಗಿರಿಯಿಂದ ದಾವಣಗೆರೆ ಹಾದು ನೂರು ಕಿಲೋಮೀಟರ್ ಬರಬೇಕು. ಬರುವಾಗ ಸೊಂಟ ಹಿಡಿಯುತ್ತಿತ್ತು, ಹೋಗುವಾಗ ಭುಜ. ನಾಲ್ಕರಲ್ಲಿ ಒಂದು ಹೋದರೂ ಹೋಗಿಬರುವ ಪೆಟ್ರೋಲು ಹುಟ್ಟುವುದಿಲ್ಲ. ಅದರಲ್ಲೂ ಸಾಹುಕಾರರದ್ದು ಹೋದರೆ ಉಳಿದ ಮೂರೂ ಹೋದ ಹಾಗೆಯೇ. ಅವರು ಕೊಡೆ ಬದಲಾಯಿಸಿದರೆ ಊರು ಕೊಡೆ ಬದಲಾಯಿಸುತ್ತಿತ್ತು.

ಆ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮಂಡಿಯ ಮುಂದಿನ ಬೇವಿನ ಮರದ ಕೆಳಗೆ ಮರುಳಪ್ಪ ಗಾಡಿ ನಿಲ್ಲಿಸಿದಾಗ ಸಾಹುಕಾರರ ಜಾವಾ ಗೋಡೆಗೆ ಒರಗಿತ್ತು, ಅದರ ಮೇಲೆ ಗೋಣಿಚೀಲ ಹೊದಿಸಿತ್ತು. ಪಕ್ಕದಲ್ಲಿ ಕೆಂಪು ಬಣ್ಣದ ಹೊಸ ಗಾಡಿ. ಹ್ಯಾಂಡಲಿಗೆ ಕಟ್ಟಿದ ಚೆಂಡುಹೂವು ಇನ್ನೂ ಬಾಡಿರಲಿಲ್ಲ.

ಮರುಳಪ್ಪ ಚೀಲ ಇಳಿಸಲಿಲ್ಲ.

"ಬಾರಪ್ಪಾ," ಸಾಹುಕಾರರು ಗದ್ದುಗೆಯಿಂದ ಇಳಿದು ಬಂದರು. ಮುಖದಲ್ಲಿ ಸ್ವಲ್ಪ ನಾಚಿಕೆ ಇತ್ತು. "ಅಳಿಯ ಬಿಡ್ಲಿಲ್ಲ ಕಣೋ. ಮಂಗಳವಾರ ತಂದ್ವಿ. ನಿಂಗೆ ಕಾಗದ ಬರೀಬೇಕು ಅಂತಿದ್ದೆ."

"ಚೆನ್ನಾಗೈತೆ ಸಾವ್ಕಾರ್ರೇ."

"ಸದ್ದೇ ಇಲ್ಲ ನೋಡು. ಚಾಲೂ ಐತೋ ಇಲ್ವೋ ಅಂತ ಬಗ್ಗಿ ಕಿವಿ ಇಟ್ಟು ಕೇಳ್ಬೇಕು."

ಎದುರಿನ ಹೋಟೆಲಿನಿಂದ ಗೋಣೆಪ್ಪ ಕೂಗಿದ. "ಹೊಲಿಗೆ ಮಿಷಿನ್ ಸಾವ್ಕಾರ್ರೇ ಅದು! ಮೇಲೆ ಕುಂತು ಲಂಗ ಹೊಲಿಬೌದು!"

"ನೀನು ಮೊದ್ಲು ಹಾಲಿಗೆ ನೀರು ಹಾಕೋದು ಬಿಡೋ."

ಮರುಳಪ್ಪನಿಗೆ ನಗು ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವನು. ಇನ್ನು ಮೇಷ್ಟರ ಗಾಡಿಯ ಚೈನು, ಕಂಪೌಂಡರ ಗಾಡಿಯ ಇಗ್ನಿಷನ್ ಪಾಯಿಂಟು, ಮುಗಿಯಿತು. ಮುಂದಿನ ಗುರುವಾರ ಎದ್ದು ಎಲ್ಲಿಗೆ ಹೋಗುವುದು ಅನ್ನುವುದೇ ತಲೆಯಲ್ಲಿ ತಿರುಗುತ್ತಿತ್ತು.

ಅಷ್ಟರಲ್ಲಿ ಸಾಹುಕಾರರ ಹೆಂಡತಿ ಸರ್ವಮಂಗಳಮ್ಮ ರೇಷ್ಮೆ ಸೀರೆಯುಟ್ಟು, ಕೈಯಲ್ಲೊಂದು ಬುಟ್ಟಿ ಹಿಡಿದು ಹೊರಗೆ ಬಂದರು. ಹತ್ತಿರದ ಸೊಕ್ಕೆ ಊರಿನಲ್ಲಿ ತಂಗಿಯ ಮೊಮ್ಮಗುವಿಗೆ ಅವತ್ತು ನಾಮಕರಣ. ಹೊಸ ಗಾಡಿಯ ಮೊದಲ ಪ್ರಯಾಣ.

"ಸದ್ಯ ಬಂದ್ರಲ್ಲ ಮರುಳಪ್ಪಣ್ಣ," ಅಂದರು ಆಕೆ. "ನಿಮ್ಮ ಕೈ ಮುಟ್ಟಿಸ್ದೆ ನಾನು ಇದುನ್ನ ಹತ್ತಲ್ಲ ಅಂತ ನಿನ್ನೇನೇ ಹೇಳಿದೀನಿ. ಒಂದೀಟು ನೋಡಿ ಕೊಡ್ರಿ."

"ಇದಕ್ಕೆ ನೋಡೋದು ಏನೂ ಇಲ್ಲ ಕಣೇ," ಅಂದರು ಸಾಹುಕಾರರು. "ಶೋರೂಮ್‌ನೋರು ಎಲ್ಲಾ ನೋಡೇ ಕೊಟ್ಟಿದಾರೆ."

"ಅವ್ರ್ಯಾರು ನಂಗೆ ಗೊತ್ತಾ? ನೀವು ನೋಡ್ರಿ ಅಣ್ಣ."

ಮರುಳಪ್ಪ ಚೀಲ ಬಿಚ್ಚಿದ. ಟೈರು ಅದುಮಿ ನೋಡಿದ. ಚೈನು ಎಳೆದು ನೋಡಿದ. ಬಿಗಿಯಾಗಿತ್ತು. ಬ್ರೇಕು ಸರಿ. ಕೈಗೆ ಏನೂ ಸಿಗದ ಗಾಡಿ ಇದು.

"ನಿಮ್ಮ ಮಗಳ ಲಗ್ನ ಗೊತ್ತಾತಾ?" ಸರ್ವಮಂಗಳಮ್ಮ ಕೇಳಿದರು.

"ಹೊನ್ನಾಳಿ ಕಡೆ ಒಂದು ಬಂದೈತಮ್ಮ. ಹುಡುಗ ಬಸ್ ಕಂಡಕ್ಟ್ರು."

"ಒಳ್ಳೇದಾತು ಬಿಡ್ರಿ. ಹೊಳೆ ದಂಡೆ ಊರು, ನೀರಿಗೆ ತ್ರಾಸಿಲ್ಲ. ಹುಡುಗಿ ಒಪ್ಪಿದಾಳೋ?"

"ಒಪ್ಪಿದಾಳೆ. ಅವನೇ ಟಿಕೆಟ್ ಹರಿಯೋ ಬಸ್ಸಲ್ಲೇ ಓಡಾಡ್ತಾಳಂತೆ, ಪುಕ್ಕಟೆ," ಅಂದ ಮರುಳಪ್ಪ. ಹೇಳುತ್ತ ಹೇಳುತ್ತ ಎಡಗೈ ಟ್ಯಾಂಕಿನ ಮುಚ್ಚಳ ತೆಗೆಯಿತು, ಬಲಗೈ ಡಬ್ಬ ಬಗ್ಗಿಸಿತು. ಒಂದು ಅಳತೆ. ಎರಡು ಅಳತೆ. ಮುಚ್ಚಳ ಹಾಕಿ, ಗಾಡಿಯನ್ನು ಮೊಣಕಾಲಿಗೆ ಒರಗಿಸಿ ಮೂರು ಸಲ ಕುಲುಕಿ, ಸೀಟಿಗೊಂದು ಏಟು ಕೊಟ್ಟ. "ಹೋಗ್ರಿ."

ಆ ಏಟಿಗಾಗಿಯೇ ಕಾಯುತ್ತಿದ್ದ ಸರ್ವಮಂಗಳಮ್ಮ ಹತ್ತಿ ಕೂತರು. ಹೊಸ ಗಾಡಿ ಫೋರ್ ಸ್ಟ್ರೋಕಿನದು, ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು ಅನ್ನುವುದು ಸಾಹುಕಾರರಿಗೂ ಗೊತ್ತಿತ್ತು, ಮರುಳಪ್ಪನಿಗೂ ಗೊತ್ತಿತ್ತು. ಆದರೆ ಹದಿನೈದು ವರ್ಷ ಕಂಡ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಇಬ್ಬರೂ ನೋಡಿದರು, ಇಬ್ಬರೂ ಕಾಣಲಿಲ್ಲ.

ಮರುಳಪ್ಪ ಮೇಷ್ಟರ ಗಾಡಿಯ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿ ಇನ್ನೂ ಅರ್ಧ ತಾಸಾಗಿರಲಿಲ್ಲ. ಬೀದಿಯ ಆ ತುದಿಯಲ್ಲಿ ಗದ್ದಲ. ಸಾಹುಕಾರರು ಹೊಸ ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದಾರೆ, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿದೆ. ಹಿಂದೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಸರ್ವಮಂಗಳಮ್ಮ. ಅವರ ಹಿಂದೆ ಕೆಲಸವಿಲ್ಲದವರೆಲ್ಲ.

"ಏನಾತ್ರೀ?" ಗೋಣೆಪ್ಪ ಹೆಗಲ ಮೇಲಿನ ವಸ್ತ್ರ ಕೊಡವುತ್ತ ಓಡಿ ಬಂದ.

"ಊರು ದಾಟೋ ತನ್ಕ ಚೆನ್ನಾಗಿತ್ತು," ಸಾಹುಕಾರರು ಏದುತ್ತ ಹೇಳಿದರು. "ಆಮೇಲೆ ಹೊಗೆ. ಎಂಥಾ ಹೊಗೆ ಅಂತೀಯ! ಹಿಂದೆ ಇವಳು ಕೆಮ್ತಾಳೆ, ಮುಂದೆ ಗಾಡಿ ಕೆಮ್ತೈತೆ. ಕಡೀಗೆ ನಿಂತೇ ಹೋತು."

ಗೋಣೆಪ್ಪ ಅದಕ್ಕೇ ಕಾಯುತ್ತಿದ್ದವನಂತೆ ಬೀದಿಗೆಲ್ಲ ಕೇಳುವಂತೆ ಕೂಗಿದ. "ನೋಡ್ರಪ್ಪೋ! ಎರಡು ದಿನ ಆಗಿಲ್ಲ! ನಮ್ಮ ಜಾವಾ ಹದಿನೈದು ವರ್ಷ ಹೊಡೆದ್ರಿ, ಯಾವತ್ತಾದ್ರೂ ಅಮ್ಮಾರು ನಡ್ಕಂಡು ಬಂದಿದ್ರಾ?"

"ನಾಳೇನೇ ತಗಂಡೋಗಿ ಅವ್ರ ಮುಂದೆ ಒಗೆದು ಬರ್ತೀನಿ," ಅಂದರು ಸಾಹುಕಾರರು. "ದುಡ್ಡು ವಾಪಸ್ ಕೊಡ್ರಿ ಅಂತೀನಿ. ಮರುಳಪ್ಪ, ನಮ್ಮ ಹಳೇದನ್ನೇ ಚಾಲೂ ಮಾಡಪ್ಪ. ಆ ಗೋಣಿಚೀಲ ತೆಗಿ."

ಹೊಸ ಗಾಡಿ ಹತ್ತಿರ ಬಂದಾಗಲೇ ಮರುಳಪ್ಪನಿಗೆ ವಾಸನೆ ಬಂದಿತ್ತು. ಸುಟ್ಟ ಎಣ್ಣೆಯ ಆ ವಾಸನೆ ಅವನ ಅಂಗಿಯಲ್ಲಿ, ತಲೆದಿಂಬಿನಲ್ಲಿ, ಊಟದ ಕೈಯಲ್ಲಿ ಇದ್ದದ್ದೇ. ಈ ಗಾಡಿಯಲ್ಲಿ ಇರಬಾರದಾಗಿತ್ತು. ಡಬ್ಬದ ಕಡೆ ನೋಡಿದ. ಲೋಟದ ಅಂಚಿನಲ್ಲಿ ಹೊಸ ಎಣ್ಣೆಯ ಹನಿ ಇನ್ನೂ ಒಣಗಿರಲಿಲ್ಲ. ಅವತ್ತು ಅವನು ಬೇರೆ ಯಾವ ಗಾಡಿಗೂ ಎಣ್ಣೆ ಹಾಕಿರಲಿಲ್ಲ.

ಅದೂ ಐದು ಲೀಟರಿಗೆ ಹಾಕುವ ಅಳತೆ. ಈ ಟ್ಯಾಂಕಿನಲ್ಲಿ ಇದ್ದದ್ದು ಎರಡು ಲೀಟರೋ ಏನೋ.

ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರೂ ಹೊಸ ಗಾಡಿಯನ್ನು ಬೈಯುತ್ತಿದ್ದರು. ಮೇಷ್ಟರು ಬಂದು, "ಬೇಸಿಗೆ ರಜೆಗೆ ನಾನೂ ಒಂದು ತಗಳ್ಳೋಣ ಅಂತಿದ್ದೆ, ಬಚಾವಾದೆ" ಅಂದರು. ಮರುಳಪ್ಪ ಏನೂ ಮಾಡಬೇಕಾಗಿರಲಿಲ್ಲ. ಗೋಣಿಚೀಲ ತೆಗೆದು ಹಳೇ ಜಾವಾವನ್ನು ಒಂದು ಕಿಕ್ಕಿಗೆ ಎಬ್ಬಿಸಿದರೆ ಸಾಕು. ಗುರುವಾರ ಉಳಿಯುತ್ತದೆ. ಇನ್ನೆರಡು ವರ್ಷ, ಮಗಳ ಮದುವೆ ಮುಗಿಯುವ ತನಕವಾದರೂ.

ಅವನು ಗೋಡೆಯ ತನಕ ಹೋದ. ಗೋಣಿಚೀಲದ ಮೂಲೆ ಹಿಡಿದ. ಎಳೆದ. ಟ್ಯಾಂಕಿನ ಮೇಲೆ ಎಷ್ಟೋ ವರ್ಷ ಸಾಹುಕಾರರ ಮೊಣಕಾಲು ತಿಕ್ಕಿ ಬಣ್ಣ ಹೋದ ಜಾಗ ಕಂಡಿತು.

"ಸಾಕಾತು ಮರುಳಪ್ಪಣ್ಣ," ಹಿಂದೆ ಸರ್ವಮಂಗಳಮ್ಮ ಜಗಲಿಯ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು. "ನಿಮ್ಮ ಕೈ ಮುಟ್ಟಿಸ್ಕಂಡು ಹೋಗಿದ್ದಕ್ಕೆ ಇಷ್ಟರಲ್ಲೇ ಮುಗೀತು. ಇಲ್ದಿದ್ರೆ ಎಲ್ಲಿ ಬೀಳ್ತಿದ್ವೋ."

ಮರುಳಪ್ಪ ಗೋಣಿಚೀಲವನ್ನು ವಾಪಸ್ ಹೊದಿಸಿದ.

"ಗಾಡಿ ಸರಿ ಐತೆ ಸಾವ್ಕಾರ್ರೇ," ಅಂದ. "ನಾನೇ ಎಣ್ಣೆ ಹಾಕ್ಬಿಟ್ಟೆ."

"ಏನು?"

"ಪೆಟ್ರೋಲಿಗೆ. ಅಮ್ಮಾರ ಜೊತೆ ಮಾತಾಡ್ತಾ ಎರಡು ಅಳತೆ ಹಾಕಿದೀನಿ. ಕೈ ಹಾಕ್ಬಿಡ್ತು."

ಮೊದಲು ಮೇಷ್ಟರು ನಕ್ಕರು, ಅವರ ಹಿಂದೆ ಎಲ್ಲರೂ. ಸಾಹುಕಾರರು ನಗಲೂ ಇಲ್ಲ, ಬೈಯಲೂ ಇಲ್ಲ. "ನಾನೂ ಅಲ್ಲೇ ನಿಂತಿದ್ನಲ್ಲೋ," ಅಂದರು ಕೊನೆಗೆ. "ನೀನು ಕುಲುಕೋದನ್ನೂ ನೋಡ್ದೆ."

ಗೋಣೆಪ್ಪ ಮಾತ್ರ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ. "ಬಾಯಿ ಮುಚ್ಕಂಡು ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ಎಂಥಾ ಮಾನ ಬಂದಿತ್ತು ನಮ್ಮ ಗಾಡಿಗೆ!"

ಮರುಳಪ್ಪ ಪೈಪು ಬಿಚ್ಚಿ ಎಣ್ಣೆ ಬೆರೆತ ಪೆಟ್ರೋಲನ್ನು ಪೂರ್ತಿ ಕ್ಯಾನಿಗೆ ಇಳಿಸಿದ, ಕಾರ್ಬುರೇಟರಿನಲ್ಲಿ ನಿಂತದ್ದನ್ನೂ ಹರಿಸಿದ. ಪ್ಲಗ್ಗು ತೆಗೆದರೆ ಕಪ್ಪಗೆ, ಒದ್ದೆ. ಬ್ರಷ್ಷಿನಲ್ಲಿ ತಿಕ್ಕಿ, ಒಣಗಿಸಿ ಹಾಕಿದ. ಸಾಹುಕಾರರು ತರಿಸಿದ ಬರೀ ಪೆಟ್ರೋಲು ಹಾಕಿ ಕಿಕ್ ಹೊಡೆದ. ಮೂರನೆಯದಕ್ಕೆ ಹಿಡಿಯಿತು. ಮೊದಲು ಒಂದಷ್ಟು ನೀಲಿ ಹೊಗೆ, ಆಮೇಲೆ ತೆಳ್ಳಗೆ, ಆಮೇಲೆ ಇಲ್ಲವೇ ಇಲ್ಲ. ಸದ್ದು ಕೇಳಲು ಎಲ್ಲರೂ ಬಗ್ಗಬೇಕಾಯಿತು. ಗೋಣೆಪ್ಪನೂ ಬಗ್ಗಿದ.

"ಅಂದ್ರೆ," ಅಂದ ಗೋಣೆಪ್ಪ, ಬಗ್ಗಿದಲ್ಲಿಂದಲೇ, "ಇದಕ್ಕೆ ಎಣ್ಣೆ ಬೆರೆಸೋ ತಾಪತ್ರಯಾನೇ ಇಲ್ವಾ?"

"ಇಲ್ಲ."

"ಇಷ್ಟು ಹೊಲಸು ಪೆಟ್ರೋಲು ಕುಡ್ಸಿದ್ರೂ ಏನೂ ಆಗಿಲ್ಲ?"

"ಆಗಿಲ್ಲ."

"ಸಾವ್ಕಾರ್ರೇ," ಗೋಣೆಪ್ಪ ಎದ್ದು ನಿಂತು ಸೊಂಟ ಹಿಡಿದುಕೊಂಡ, "ಲೀಟರಿಗೆ ಎಷ್ಟು ಅಂದಿದ್ರಿ?"

ಮರುಳಪ್ಪ ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದ. ಸರ್ವಮಂಗಳಮ್ಮ ಸೀರೆ ಸರಿಮಾಡಿಕೊಂಡು ಮತ್ತೆ ಗಾಡಿ ಹತ್ತಿ ಕೂತರು. ಸಾಹುಕಾರರು ಹೊರಡಲಿಲ್ಲ, ಇವನ ಕಡೆ ನೋಡಿದರು. ಮರುಳಪ್ಪ ಬಂದು ಸೀಟಿನ ತುದಿಗೆ ಮೆಲ್ಲಗೆ ಒಂದು ಏಟು ಕೊಟ್ಟ.

"ಮುಂದಿನ ಗುರುವಾರ ಬರ್ತೀರಲ್ಲ ಅಣ್ಣ?" ಆಕೆ ಕೇಳಿದರು.

"ಇನ್ನ ಬರಾಕೆ ಆಗಂಗಿಲ್ಲಮ್ಮ. ಮೇಷ್ಟ್ರಿಗೆ, ಕಂಪೌಂಡರಿಗೆ ಏನಾದ್ರೂ ಆದ್ರೆ ಚನ್ನಗಿರಿಗೆ ಕಾಗದ ಹಾಕ್ಲಿ."

"ಮದ್ವೆಗೆ ಕರೀಬೇಕು ಮತ್ತೆ."

"ಕರೀದೆ ಬಿಡ್ತೀನಾ?"

ಹೊಸ ಗಾಡಿ ಹೋಯಿತು. ತಿರುವಿನಲ್ಲಿ ಕಾಣದಾದ ಮೇಲೆ ಅದರ ಸದ್ದೂ ಉಳಿಯಲಿಲ್ಲ.

ಮೇಷ್ಟರ ಚೈನು, ಕಂಪೌಂಡರ ಪಾಯಿಂಟು ಮುಗಿಸುವಷ್ಟರಲ್ಲಿ ಮೂರು ಗಂಟೆ. ಕ್ಯಾನಿನಲ್ಲಿ ಆ ಪೆಟ್ರೋಲು ಹಾಗೇ ಇತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ತನ್ನ ಯೆಜ್ಡಿಯ ಟ್ಯಾಂಕು ತೆರೆದ. ಬಂದ ದಾರಿಗೆ ಅದು ಬರಿದಾಗಿತ್ತು, ಹೋಗುವ ದಾರಿಗೆಂದು ಈಗಷ್ಟೇ ತಂದ ಮೂರು ಲೀಟರ್ ಬರೀ ಪೆಟ್ರೋಲನ್ನು ಅದಕ್ಕೆ ಸುರಿದ, ಎಣ್ಣೆ ಇನ್ನೂ ಬೆರೆಸಬೇಕಾಗಿತ್ತು. ಕ್ಯಾನನ್ನು ಅದಕ್ಕೆ ಬಗ್ಗಿಸಿದ. ಎರಡು ಮೂರು ಐದು. ಐದಕ್ಕೆ ಎರಡು ಅಳತೆ. ಸರಿಯಾಗಿತ್ತು.

ಹ್ಯಾಂಡಲ್ ಹಿಡಿದು ಮೂರು ಸಲ ಕುಲುಕಿದ. ಲಿವರು ಒದ್ದ, ಒಳಗೆ ಒತ್ತಿದ, ಮುಂದಕ್ಕೆ ತಿರುಗಿಸಿ ಗೇರು ಹಾಕಿದ. ಹೋಟೆಲಿನ ಮುಂದೆ ಹಾಯುವಾಗ ಗೋಣೆಪ್ಪ ಹೊಗೆಗೆ ಮೂಗು ಮುಚ್ಚಿಕೊಂಡು, ಇನ್ನೊಂದು ಕೈ ಎತ್ತಿದ. ನಾಳೆ ಶುಕ್ರವಾರ, ಶೆಡ್ಡು. ಮರುಳಪ್ಪ ಮನೆಗೆ ಹೋಗುವ ಬಿಳಿಚೋಡಿನ ದಾರಿ ಹಿಡಿದ. ಭುಜ ಆಗಲೇ ಹಿಡಿಯತೊಡಗಿತ್ತು.