ಚಹಾಕ್ಕೆ ಎತ್ತಿದ ಕೈಗಳು

ನಮ್ಮ ಬಡಾವಣೆಯ ವಾಚನಾಲಯ ಇನ್ನೇನು ಕೈತಪ್ಪುವುದರಲ್ಲಿದ್ದದ್ದು ಚಹಾದ ದೆಸೆಯಿಂದ. ಅದನ್ನು ಕೆಡವಿ ವಾಹನ ನಿಲುಗಡೆಗೆ ಜಾಗ ಮಾಡುವ ಠರಾವನ್ನು ಕಾರ್ಯದರ್ಶಿ ಸಾರ್ವಜನಿಕ ಸಭೆಯಲ್ಲಿ ಒಂದೇ ಉಸಿರಿಗೆ ಓದಿ, "ಒಪ್ಪಿಗೆ ಇರೋರು ಕೈ ಎತ್ತಿ" ಎಂದರು. ಅದೇ ಗಳಿಗೆಗೆ ಹಿಂಬಾಗಿಲಿನಿಂದ ಕೆಟಲ್ ಹಿಡಿದು ಬಂದ ಜವಾನ, "ಚಹಾ ಯಾರ್ಯಾರಿಗೆ?" ಎಂದ. ಓರೆ ಬಿಸಿಲಿನಲ್ಲಿ ಕೈಗಳು ಜೊಂಡಿನಂತೆ ಎದ್ದು ನಿಂತವು. ಕಾರ್ಯದರ್ಶಿ ಅವನ್ನೆಲ್ಲ ಎಣಿಸಿಕೊಂಡು, "ಬಹುಮತದಿಂದ ಅಂಗೀಕಾರ" ಎಂದುಬಿಟ್ಟರು.

ನಮ್ಮ ಭಾವ ಎರಡೂ ಕೈ ಎತ್ತಿದ್ದರು.

"ಎರಡು ಯಾಕ್ರೀ?" ಅಕ್ಕ ಗಾಬರಿಯಾದಳು.

"ಒಂದು ನನಗೆ, ಒಂದು ನಿನಗೆ. ಗಂಟಲು ಒಣಗಿದೆ ಅಂದಿದ್ಯಲ್ಲ."

"ಅಯ್ಯೋ, ನನ್ನ ವಾಚನಾಲಯ ಕೆಡವೋದಕ್ಕೆ ನನ್ನ ಹೆಸರಲ್ಲೇ ಕೈ ಎತ್ತಿದ್ರಲ್ಲ!"

ಭಾವ ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಾತಿಲ್ಲದೆ ಬದುಕು ಹೊಲಿದವರು. ಅಕ್ಕನಿಗೆ ಮಾತೇ ಉಸಿರು. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೆ ಅವಳ ಬೆಳಗುಗಳು ತೆರೆದುಕೊಳ್ಳುತ್ತಿದ್ದದ್ದು ಆ ವಾಚನಾಲಯದ ಉದ್ದ ಮೇಜಿನ ಮೇಲೆ. ಕಣ್ಣು ಮಂಜಾದವರಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಓದಿದ್ದರ ಬಗ್ಗೆ ಎಲ್ಲರೊಡನೆ ಜಗಳವಾಡುವುದು. ಆ ಮೇಜು ಹೋದರೆ ಅವಳ ದಿನಕ್ಕೆ ಬಾಗಿಲೇ ಇರುತ್ತಿರಲಿಲ್ಲ.

ಅವಳು ಎದ್ದಳು. "ಈ ಮತ ನಡೆಯಲ್ಲ. ಇಲ್ಲಿ ಕೈ ಎಣಿಸೋ ಹಾಗೇ ಇಲ್ಲ."

ಅಧ್ಯಕ್ಷೆ ಹಲ್ಲಿನ ವೈದ್ಯೆ. "ಮತ್ತೇನು ಎಣಿಸೋಣಮ್ಮ, ಹಲ್ಲು?" ಎಂದರು. ಸಭೆ ನಕ್ಕಿತು.

"ನಗಿ, ನಗಿ. ನಮ್ಮಮ್ಮನ ಕಾಲದಲ್ಲಿ ಈ ಹಾಲಿಗೆ ಫ್ಯಾನ್ ಇರಲಿಲ್ಲ. ಸೆಕೆಗೆ ಹೆಂಗಸರೆಲ್ಲ ಬೀಸಣಿಗೆ ಬೀಸ್ತಾ ಕೂತಿದ್ರು. ಆಗಿನ ಅಧ್ಯಕ್ಷ ಆ ಕೈಗಳನ್ನೂ ಸೇರಿಸಿ ಎಣಿಸಿಬಿಟ್ಟ. ಮಕ್ಕಳ ಆಟದ ಬಯಲು ಹೋಯ್ತು, ಸಿಮೆಂಟ್ ಗೋದಾಮು ಬಂತು. ಅಮ್ಮ ಸಾಯೋವರೆಗೂ ಆ ದಾರೀಲಿ ಹೋಗಲಿಲ್ಲ, ಸುತ್ತಿಕೊಂಡು ಬರ್ತಿದ್ಲು. ಆಮೇಲೆ ಜನ ಹಟ ಹಿಡಿದು ನಿಯಮ ಮಾಡಿಸಿದ್ರು. ಒಪ್ಪೋರೂ ಒಪ್ಪದೋರೂ ಎದ್ದು ನಿಂತು ಕಾರಣ ಹೇಳ್ಬೇಕು ಅಂತ. ಕಾರ್ಯದರ್ಶಿಗಳೇ, ಅದನ್ನ ಯಾರಾದ್ರೂ ತೆಗೆದುಹಾಕಿದ್ದಾರಾ?"

ಕಾರ್ಯದರ್ಶಿ ಕೆಮ್ಮಿದರು. "ತೆಗೆದಿಲ್ಲ. ಬಿಟ್ಟುಹೋಗಿದೆ. ಸಭೆ ಬೇಗ ಮುಗೀಲಿ ಅಂತ..."

ಆ ಗೋದಾಮಿನ ಗೋಡೆಗೆ ಒರಗಿ ಬಸ್ಸಿಗೆ ಕಾಯುತ್ತ ಬೆಳೆದವರು ನಾವೆಲ್ಲ. ಅದು ಯಾರದೋ ಬೆವರಿನ ಒಂದು ಸಂಜೆಯಿಂದ ಎದ್ದ ಗೋಡೆಯೆಂದು ಎಷ್ಟು ಮಂದಿಗೆ ಗೊತ್ತಿತ್ತು?

"ಸರಿ, ಮತ್ತೆ ಮತಕ್ಕೆ ಹಾಕೋಣ. ಬಾಯಿ ತೆಗೆಸೋದು ಹೇಗೂ ನನ್ನ ಕಸುಬು" ಎಂದರು ಅಧ್ಯಕ್ಷೆ.

ಮೊದಲು ಎದ್ದವನು ಶಾಲಾ ವ್ಯಾನಿನ ಚಾಲಕ. "ನಾನು ಒಪ್ತೀನಿ. ಚಹಾಕ್ಕಲ್ಲ, ನಿಜವಾಗ್ಲೂ. ರಸ್ತೆಲಿ ವ್ಯಾನ್ ನಿಲ್ಲಿಸಿ ಕನ್ನಡಿ ಮುರಿಸಿಕೊಂಡು ಸಾಕಾಗಿದೆ. ಅಕ್ಕೋರು ಪೇಪರ್ ಮನೇಲೇ ಓದಬಹುದಲ್ಲ?"

ಅವನ ಹಿಂದೆ ಇನ್ನೂ ಕೆಲವರು ಎದ್ದು ತಂತಮ್ಮ ಸ್ಕೂಟರಿನ ಕಷ್ಟ ಹೇಳಿಕೊಂಡರು. ಅಕ್ಕನ ಪರ ಯಾರೂ ಏಳಲಿಲ್ಲ. ವಾಚನಾಲಯಕ್ಕೆ ದಿನಾ ಬರುವವರೆಲ್ಲ ಸಭೆಯಲ್ಲೇ ಇದ್ದರು. ಕೆಲವರು ಚಪ್ಪಲಿ ನೋಡಿದರು, ಕೆಲವರು ಸೂರು ನೋಡಿದರು. ಅಕ್ಕ ಗಂಡನ ಮುಖ ನೋಡಿದಳು.

ಭಾವ ಎದ್ದರು. "ನಾನು... ಒಪ್ಪಲ್ಲ."

"ಕಾರಣ?"

ತುಟಿಯಲ್ಲಿಲ್ಲದ ಗುಂಡುಸೂಜಿಗಾಗಿ ಅವರ ಬೆರಳು ತಡಕಾಡಿತು. "ಇವಳು ಮನೇಲಿ ಪೇಪರ್ ಓದಿದ್ರೆ ಜಗಳಕ್ಕೆ ನಾನೊಬ್ಬನೇ ಸಿಗ್ತೀನಿ."

ಸಭೆ ಹೊಟ್ಟೆ ಹಿಡಿದು ನಕ್ಕಿತು. ಭಾವ ಕೂರಲಿಲ್ಲ, ನಗು ಇಳಿಯುವವರೆಗೆ ಕಾದರು.

"ಅಲ್ಲಿ ಇವಳು ಹೇಳಿದ್ದು ತಪ್ಪು ಅಂತ ನಾಲ್ಕು ಜನ ಕೂಗಾಡ್ತಾರೆ. ಇವಳೂ ಬಿಡಲ್ಲ. ಆಮೇಲೆ ಎಲ್ರೂ ಒಟ್ಟಿಗೆ ಮಾತಾಡ್ಕೊಂಡು ಮನೆಗೆ ಬರ್ತಾರೆ. ಅಂಥಾ ಜಾಗ ಈ ಬಡಾವಣೇಲಿ ಇನ್ನೊಂದು ತೋರಿಸಿ. ತೋರಿಸಿದ್ರೆ ಕೂತ್ಕೋತೀನಿ."

ಒಂದು ಬೆಂಚು ಕಿರುಗುಟ್ಟಿತು. ಬ್ರೆಡ್ ಮಾರುವ ಮುದುಕಿ ಎದ್ದು, "ನಂಗೆ ಓದಕ್ಕೆ ಬರಲ್ಲ, ಕೇಳಕ್ಕೆ ಚೆನ್ನಾಗಿ ಬರುತ್ತೆ. ನಾನೂ ಒಪ್ಪಲ್ಲ" ಎಂದಳು. ಆಮೇಲೆ ಬೆಂಚುಗಳೆಲ್ಲ ಕಿರುಗುಟ್ಟತೊಡಗಿದವು. ನಾನೂ ಎದ್ದೆ, ನನ್ನ ದನಿ ನನಗೇ ಹೊಸ ಬಾಡಿಗೆದಾರನ ದನಿಯಂತೆ ಕೇಳಿಸಿತು. ಠರಾವು ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯಿತು.

ಹೊರಗೆ ಮೆಟ್ಟಿಲ ಮೇಲೆ ಚಾಲಕ ಅಕ್ಕನನ್ನು ತಡೆದ. "ಸೋತೆ, ಒಪ್ಪಿದೆ. ನನ್ನ ಕನ್ನಡಿಗೆ ದಾರಿ ಏನು?"

"ವಾಚನಾಲಯದ ಹಿತ್ತಲಲ್ಲಿ ಮುರುಕು ಬೀರುಗಳ ರಾಶಿ ಬಿದ್ದಿದೆಯಲ್ಲ. ತೆಗೆಸಿದ್ರೆ ನಿನ್ನ ವ್ಯಾನ್ ಹಿಡಿಯುತ್ತಾ?"

"ಅಳೆದು ನೋಡ್ಬೇಕು."

"ಹಿಡಿಯೋದಾದ್ರೆ ಮುಂದಿನ ಸಭೆಲಿ ಠರಾವು ತಾ. ನಾನು ನಿನ್ನ ಪರ ಎದ್ದು ನಿಲ್ತೀನಿ."

ಭಾವ ಜೇಬಿನಿಂದ ಅಳತೆಪಟ್ಟಿ ತೆಗೆದು ಆಗಲೇ ವ್ಯಾನಿನ ಸೊಂಟಕ್ಕೆ ಹಿಡಿದಿದ್ದರು. "ಸ್ವಲ್ಪ ಸಡಿಲ ಇಡೋಣ, ಉಸಿರಾಡಲಿ" ಎಂದರು. ವ್ಯಾನು ಹಿತ್ತಲಿಗೆ ಎಡದಿಂದ ಬರಬೇಕೆಂದು ಅಕ್ಕ, ಬಲದಿಂದಲೇ ಬರಬೇಕೆಂದು ಚಾಲಕ. ಇಬ್ಬರ ದನಿಯೂ ಬೀದಿ ತುಂಬ ಏರತೊಡಗಿತು.